ಮೋಡ ಯಾರಪ್ಪನ ಸೊತ್ತು?

2019ರ ಜೂನ್. ರಾಜ್ಯದಲ್ಲಿ ಬರ. ಮಳೆಗಾಗಿ ಪರ್ಜನ್ಯ ಜಪ, ಹೋಮ ಮಾಡಿಸಿ ಅಂತ ಮುಜರಾಯಿ ಇಲಾಖೆ ದೇವಸ್ಥಾನಗಳಿಗೆ ಸುತ್ತೋಲೆ ಕಳಿಸಿತು. ಹಲಸೂರಿನ ಸೋಮೇಶ್ವರ ಗುಡಿಯಲ್ಲಿ ಪುರೋಹಿತರು ನೀರು ತುಂಬಿದ ಪಾತ್ರೆಗಳಲ್ಲಿ ಕೂತು ಮಂತ್ರ ಹೇಳಿದರು. ಅಲ್ಲೇ ಹತ್ತಿರ ಹಲಸೂರು ಕೆರೆ. 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಅದರಲ್ಲೇ. ಇರೋ ನೀರಿಗೆ ಕೊಳಚೆ ಬಿಟ್ಟು ಇಲ್ಲದ ನೀರಿಗೆ ಕೈಮುಗಿಯುವ ಜಾಣತನಕ್ಕೆ ಏನನ್ನೋಣ?

ಅದೇ ಮಳೆಗಾಲದಲ್ಲಿ ಮೋಡಬಿತ್ತನೆಯ ವಿಮಾನಗಳೂ ಹಾರಿದವು. ಇದು ಮೊದಲ ಸಲವಲ್ಲ. 2003ರಲ್ಲಿ ‘ವರುಣ’ ಬಂದಿತ್ತು, 2017ರ ಆಗಸ್ಟಿನಲ್ಲಿ ಜಕ್ಕೂರಿನಿಂದ ‘ವರ್ಷಧಾರಿ’ ಹಾರಿತ್ತು. ಹೆಸರು ನೋಡ್ರಿ, ವಿಮಾನಕ್ಕೂ ವೇದದ ದೇವರೇ ಬೇಕಾಯ್ತು!

ಹಾಗಂತ ಹೋಮ ಮತ್ತು ವಿಮಾನ ಎರಡೂ ಒಂದೇ ಅಂತ ನಾವು ಹೇಳೋದಿಲ್ಲ. ಹೋಮಕ್ಕೆ ಸೋಲೇ ಇಲ್ಲ. ಮಳೆ ಬಂದರೆ ಮಂತ್ರದ ಮಹಿಮೆ, ಬಾರದಿದ್ದರೆ ನಮ್ಮ ಪಾಪ. ವಿಜ್ಞಾನ ಸೋಲಬಲ್ಲದು, ಅದಕ್ಕೇ ಅದು ನಮ್ಮದು. ತಣ್ಣನೆ ಮೋಡದಲ್ಲಿ ಸಿಲ್ವರ್ ಅಯೊಡೈಡಿನ ಕಣದ ಮೇಲೆ ಹಿಮದ ಹರಳು ಕಟ್ಟುತ್ತೆ. ಬೆಚ್ಚನೆ ಮೋಡದಲ್ಲಿ ಉಪ್ಪಿನ ಕಣ ತೇವ ಹೀರಿ ದಪ್ಪ ಹನಿಯಾಗುತ್ತೆ, ಸಣ್ಣ ಹನಿಗಳನ್ನು ಕೂಡಿಸಿಕೊಂಡು ಕೆಳಗಿಳಿಯುತ್ತೆ. ಮೋಡವೇ ಇಲ್ಲದಿದ್ದರೆ ಯಾವ ಉಪ್ಪೂ ಉಪಯೋಗಕ್ಕಿಲ್ಲ. ಪುಣೆಯ ಹವಾಮಾನ ವಿಜ್ಞಾನಿಗಳು 2018, 2019ರಲ್ಲಿ ನಮ್ಮ ಗಡಿಯ ಸೊಲ್ಲಾಪುರದಲ್ಲಿ ಕೆಲವು ಮೋಡಕ್ಕೆ ಬಿತ್ತಿ, ಕೆಲವನ್ನು ಹಾಗೇ ಬಿಟ್ಟು ಹೋಲಿಸಿದರು. 100 ಚದರ ಕಿಲೋಮೀಟರಿನಲ್ಲಿ ಸರಾಸರಿ ಶೇಕಡಾ 18ರಷ್ಟು ಹೆಚ್ಚು ಮಳೆ ಅಂತ ಲೆಕ್ಕ ಕೊಟ್ಟರು. ಲೆಕ್ಕ ಅಂದ್ರೆ ಹೀಗಿರಬೇಕು. ಬಿಟ್ಟ ಮೋಡವನ್ನು ತೋರಿಸದೆ ಬಿತ್ತಿದ ಮೋಡವನ್ನಷ್ಟೇ ತೋರಿಸುವವನು ಪಂಚಾಂಗ ಓದುವವನ ಅಣ್ಣ.

ಆದರೆ ನಮ್ಮ ಪ್ರಶ್ನೆ ಮಳೆ ಬಂತಾ ಅನ್ನೋದಕ್ಕೆ ನಿಲ್ಲೋದಿಲ್ಲ. ತಾನಾಗಿ ಬಂದ ಮಳೆಗೆ ಯಾರೂ ಹೊಣೆಯಲ್ಲ. ಬರಿಸಿದ ಮಳೆಗೆ ಹೊಣೆಗಾರ ಇರಲೇಬೇಕು. 1967ರಿಂದ 1972ರವರೆಗೆ ಅಮೆರಿಕ ವಿಯೆಟ್ನಾಮಿನ ಹೋರಾಟಗಾರರ ದಾರಿ ಕೆಸರಾಗಲಿ ಅಂತ ಇದೇ ಮೋಡಬಿತ್ತನೆ ಮಾಡಿತು. ಹವಾಮಾನವನ್ನು ಯುದ್ಧಕ್ಕೆ ಬಳಸಬಾರದೆಂಬ ಒಪ್ಪಂದಕ್ಕೆ 1977ರಲ್ಲಿ ದೇಶಗಳು ಸಹಿ ಹಾಕತೊಡಗಿದವು. ಯುದ್ಧದ ಮಾತಾಯ್ತು. ಶಾಂತಿಯಲ್ಲಿ ಯಾರ ಹೊಲದ ಮೇಲೆ ಬಿತ್ತಬೇಕು ಅನ್ನೋದನ್ನು ಯಾರು ಹೇಳಬೇಕು?

ಕೆ.ಆರ್. ಪುರದಿಂದ ಕೋಲಾರದವರೆಗಿನ ಕೆರೆ ಸೀಮೆಯಲ್ಲಿ ನೀರುಗಂಟಿ ಅಂತ ಒಬ್ಬನಿರುತ್ತಿದ್ದ. ಬಹುಪಾಲು ನಮ್ಮ ಕೇರಿಯವನೇ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚೋದು ಅವನ ಕೆಲಸ. ನೀರಿನ ನ್ಯಾಯ ಅವನ ಕೈಯಲ್ಲಿ, ಗದ್ದೆ ಮಾತ್ರ ಬೇರೆಯವರ ಹೆಸರಲ್ಲಿ. ಮಹಾಡಿನ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿಯೋದಕ್ಕೆ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನ ಕಟ್ಟಿಕೊಂಡು ಹೋಗಬೇಕಾಯ್ತು. ಆಕಾಶದಿಂದ ಬೀಳುವಾಗ ನೀರಿಗೆ ಜಾತಿ ಇಲ್ಲ. ನೆಲ ಮುಟ್ಟಿದ ಗಳಿಗೆಯಲ್ಲೇ ಜಾತಿ, ಪಹಣಿ, ಬೋರ್‌ವೆಲ್ಲು ಎಲ್ಲಾ ಹುಟ್ಟಿಕೊಳ್ತವೆ. ಆದರೂ ಮಳೆ ಬೇಡ ಅನ್ನೋಕೆ ನಮಗೆ ಬಾಯಿಲ್ಲ. ಭೂಮಿ ಇಲ್ಲದವರಿಗೆ ಮಳೆ ಅಂದ್ರೆ ಊರಲ್ಲೇ ಸಿಗುವ ಕೂಲಿ.

ಆ ಕೂಲಿ ಸಿಗದ ರಾಯಚೂರು, ಯಾದಗಿರಿಯ ಜನ ಮಾರತಹಳ್ಳಿ, ಮುನ್ನೇಕೊಳಾಲದ ತಗಡಿನ ಶೆಡ್ಡುಗಳಲ್ಲಿದ್ದಾರೆ. ಬೆಂಗಳೂರಿನ ಪೂರ್ವವನ್ನು ಕಟ್ಟಿದವರಲ್ಲಿ ಅವರೂ ಇದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಈ ಸೀಮೆ ಮುಳುಗಿತು. ಯಾವ ವಿಮಾನವೂ ಬರಿಸಿದ ಮಳೆಯಲ್ಲ ಅದು. ರಾಜಕಾಲುವೆ ನುಂಗಿದವರು ಬರಿಸಿದ ಪ್ರವಾಹ. ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದವರ ಚಿತ್ರ ಲೋಕವೆಲ್ಲ ನೋಡಿತು. ನೀರು ಶೆಡ್ಡುಗಳಿಗೂ ನುಗ್ಗಿತ್ತು.

ಮುಂದಿನ ಸಲ ವಿಮಾನ ಹಾರುವ ಮೊದಲು ಗ್ರಾಮಸಭೆ ಕರೀಲಿ. ಭೂಮಿ ಇದ್ದವರ ಜೊತೆ ಕೂಲಿಯವರನ್ನೂ ಕೂರಿಸಿ ಕೇಳಲಿ. ಯಾವ ಮೋಡಕ್ಕೆ ಬಿತ್ತಿದಿರಿ, ಯಾವುದನ್ನು ಬಿಟ್ಟಿರಿ, ಎಷ್ಟು ದುಡ್ಡು ಯಾರ ಕೈ ಸೇರಿತು ಅನ್ನೋದನ್ನ ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಹಳ್ಳಿ ಮೇಷ್ಟ್ರುಗಳೇ, ಅದನ್ನು ಓದಿ ಹೇಳುವ ಕೆಲಸ ನಿಮ್ಮದು.