ನಚಿಕೇತನ ಮೊದಲ ವರ

ಸುಖ ಬಿಟ್ಟವನು ದೊಡ್ಡವನು, ಉಂಡು ಉಟ್ಟು ಹಿಗ್ಗಿದವನು ಅವನಿಗಿಂತ ಒಂದು ಮೆಟ್ಟಿಲು ಕೆಳಗಿನವನು ಎಂಬ ತೀರ್ಪು ನಮ್ಮಲ್ಲಿ ವಾದ ನಡೆಯದೆಯೇ ಹೊರಬಿದ್ದಿದೆ. ಬಳ್ಳಾರಿಯ ಓಣಿಯಲ್ಲಿ ಬೆಳಗ್ಗೆ ಸಿಗುವ ಬಿಸಿ ಮಂಡಕ್ಕಿ ಒಗ್ಗಾಣಿ, ಅದರ ಪಕ್ಕಕ್ಕೆ ಎರಡು ಮಿರ್ಚಿ. ಸಂಜೆ ಮೊಳದ ಲೆಕ್ಕದಲ್ಲಿ ಕೊಂಡು ಮುಡಿದ ಮಲ್ಲಿಗೆ. ಸಗಣಿ ಸಾರಿಸಿ ರಂಗೋಲಿ ಇಟ್ಟ ಅಂಗಳ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿದ ಚಾಪೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಮನೆಮಂದಿಯೆಲ್ಲ ಹೋಗಿಬರುವುದು. ಇವನ್ನು ಪ್ರವಚನ ಹೇಳುವವರು ಪಾಪವೆನ್ನುವುದಿಲ್ಲ. ಸಂಸಾರಿಗಳಿಗೆ ಇಷ್ಟು ಇರಲಿ ಬಿಡಿ ಎಂದು ಕ್ಷಮಿಸುತ್ತಾರೆ, ಅಷ್ಟೆ. ನನ್ನ ತಕರಾರು ಇರುವುದು ಆ ಕ್ಷಮೆಯ ಮೇಲೆಯೇ. ತಪ್ಪೇ ಇಲ್ಲದ ಕಡೆ ಕ್ಷಮೆ ಯಾಕೆ ಬೇಕು? ದಿನದಿನದ ಈ ಸಣ್ಣ ಸಂತೋಷಗಳು ಧರ್ಮದ ಬದುಕಿಗೆ ಅಡ್ಡಿಯಲ್ಲ, ಅದರ ಹೊರಗಿನ ರಿಯಾಯಿತಿಯೂ ಅಲ್ಲ. ಧರ್ಮ ಶುರುವಾಗುವುದೇ ಇವುಗಳಲ್ಲಿ ಎಂಬುದು ನನ್ನ ವಾದ. ಮನುಷ್ಯನನ್ನು ಕಟ್ಟಿಹಾಕುವುದು ಬೇರೆಯೇ ಒಂದು. ಅದನ್ನೂ ಇದನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಬಹಳ ಅನ್ಯಾಯವಾಗಿದೆ.

ಈ ವಾದಕ್ಕೆ ಎದುರಾಗಿ ನಿಲ್ಲುವ ಗ್ರಂಥಗಳಲ್ಲಿ ಕಠೋಪನಿಷತ್ತು ಎಲ್ಲಕ್ಕಿಂತ ಗಟ್ಟಿ. ನಚಿಕೇತ ಸಾವಿನ ಆಚೆ ಏನಿದೆ ಎಂದು ಕೇಳಿದಾಗ ಯಮ ಅವನಿಗೆ ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ಆನೆ ಕುದುರೆ, ಚಿನ್ನ, ಭೂಮಿ, ರಥವೇರಿ ವಾದ್ಯ ಹಿಡಿದ ಹೆಂಗಸರು ಎಲ್ಲವನ್ನೂ ಒಡ್ಡುತ್ತಾನೆ. ಹುಡುಗ ಒಂದನ್ನೂ ಮುಟ್ಟುವುದಿಲ್ಲ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ಹೆಸರಾಂತ ವಿಂಗಡಣೆ ಹುಟ್ಟಿದ್ದು ಇಲ್ಲಿ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದು ರಾಜನೊಬ್ಬನ ಉಗ್ರಾಣದ ಪಟ್ಟಿ. ಅದರಲ್ಲಿ ಒಂದು ಊಟವಿಲ್ಲ, ಒಂದು ಹೂವಿಲ್ಲ, ಒಂದು ಮನೆಯಿಲ್ಲ. ಯಮ ಅದನ್ನು ಕೊಡುತ್ತಿರುವುದೂ ಪ್ರಶ್ನೆ ಕೇಳಬೇಡ ಎಂಬ ಷರತ್ತಿನ ಮೇಲೆ. ಅಂದರೆ ಲಂಚ. ನಚಿಕೇತ ಒಲ್ಲೆ ಎಂದದ್ದು ಆ ಲಂಚವನ್ನು. ಇದಕ್ಕಿಂತ ಮುಖ್ಯವಾದ ಮಾತು ಹಿಂದೆಯೇ ಇದೆ. ಯಮ ಕೊಟ್ಟ ಮೂರು ವರಗಳಲ್ಲಿ ಮೊದಲನೆಯದಾಗಿ ಅವನು ಕೇಳಿದ್ದು ಏನು? ಸಿಟ್ಟಿನಲ್ಲಿ ತನ್ನನ್ನು ಸಾವಿಗೆ ಕೊಟ್ಟ ಅಪ್ಪನ ಮನಸ್ಸು ತಣ್ಣಗಾಗಲಿ, ತಾನು ಮನೆಗೆ ಮರಳಿದಾಗ ಗುರುತು ಹಿಡಿದು ಮಾತಾಡಿಸಲಿ ಎಂಬುದು. ಆತ ರಾತ್ರಿ ನೆಮ್ಮದಿಯಿಂದ ನಿದ್ದೆಮಾಡುತ್ತಾನೆ ಎಂದು ಯಮ ಮಾತು ಕೊಡುತ್ತಾನೆ. ಮನೆ, ಅಪ್ಪನ ಮುಖ, ಒಳ್ಳೆಯ ನಿದ್ದೆ. ಬ್ರಹ್ಮವಿದ್ಯೆಗೆ ಅಷ್ಟು ಹಟಹಿಡಿದವನು ಮೊದಲು ಇವನ್ನು ಬೇಡಿದ. ಅತಿಥಿಯೊಬ್ಬ ಮೂರು ರಾತ್ರಿ ಉಪವಾಸ ಕೂತನೆಂದು ಸಾವಿನ ಒಡೆಯನೇ ಅಳುಕಿದ್ದರಿಂದ ಈ ವರಗಳು ದಕ್ಕಿದವು ಎಂಬುದನ್ನೂ ಮರೆಯುವಂತಿಲ್ಲ.

ತೈತ್ತಿರೀಯದಲ್ಲಿ ಇದು ಇನ್ನೂ ಸ್ಪಷ್ಟ. ಭೃಗು ತನ್ನ ತಂದೆ ವರುಣನ ಬಳಿ ಬ್ರಹ್ಮವೇನೆಂದು ಕೇಳಿ, ತಪಸ್ಸು ಮಾಡಿ ಮೊದಲು ಕಂಡುಕೊಳ್ಳುವುದು ಅನ್ನವನ್ನು. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಅನ್ನ ತೀರ ಕೆಳಗಿನ ಮೆಟ್ಟಿಲು, ಹತ್ತಿದ ಮೇಲೆ ಬಿಟ್ಟುಬಿಡಬೇಕಾದದ್ದು ಎಂದು ಇದನ್ನು ವಿವರಿಸುವ ವಾಡಿಕೆಯಿದೆ. ಆದರೆ ಉಪನಿಷತ್ತು ಆನಂದದಲ್ಲಿ ಮುಗಿಯುವುದಿಲ್ಲ. ಅಲ್ಲಿಗೆ ತಲುಪಿದ ಕೂಡಲೇ ಅದು ಮತ್ತೆ ಅನ್ನಕ್ಕೆ ಇಳಿಯುತ್ತದೆ: ಅನ್ನವನ್ನು ಹಳಿಯಬಾರದು, ಎಸೆಯಬಾರದು, ಹೆಚ್ಚು ಬೆಳೆಯಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು ಎಂಬ ವ್ರತಗಳನ್ನು ಹೇಳುತ್ತದೆ. ತುದಿ ಕಂಡವನಿಗೆ ಕೊಟ್ಟ ಕೆಲಸ ಅಡುಗೆಮನೆಯದು, ಹೊಲದ್ದು, ಬಾಗಿಲದ್ದು. ಅದೇ ಗ್ರಂಥ ಬ್ರಹ್ಮಾನಂದವನ್ನು ಅಳೆಯಲು ಹೊರಟಾಗ ಹಿಡಿದ ಮೂಲಮಾನವೂ ಮನುಷ್ಯನ ಸುಖವೇ. ಗಟ್ಟಿಮುಟ್ಟಾದ, ಓದಿಕೊಂಡ ಒಬ್ಬ ಯುವಕನ ಸಂತೋಷವನ್ನು ಒಂದು ಎಂದಿಟ್ಟುಕೊಂಡು ನೂರು ನೂರು ಪಟ್ಟು ಏರುತ್ತ ಹೋಗುತ್ತದೆ. ಸುಳ್ಳಾದದ್ದನ್ನು ಯಾರೂ ಅಳತೆಗೋಲು ಮಾಡಿಕೊಳ್ಳುವುದಿಲ್ಲ.

ಬೌದ್ಧರ ಮಾತು ಬೇರೆ, ಅವರು ಸುಖದ ಬುಡದಲ್ಲೇ ದುಃಖ ಕಂಡವರು ಎನ್ನಬಹುದು. ಹಾಗಾದರೆ ಸಿರುಗುಪ್ಪ ಸೀಮೆಯ ಬಂಡೆಗಳನ್ನೇ ಕೇಳೋಣ. ತುಂಗಭದ್ರೆಯ ದಂಡೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಶಾಸನಗಳು ಸಿಕ್ಕಿವೆ. ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೇ ಕೊರೆದಿರುವ ಕೆಲವೇ ಶಾಸನಗಳಲ್ಲಿ ಮಾಸ್ಕಿಯ ಸಾಲಿಗೆ ಇವೂ ಸೇರುತ್ತವೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಶ್ರಮಪಟ್ಟರೆ ಸ್ವರ್ಗ ದಕ್ಕುತ್ತದೆ ಎಂಬುದು ಆ ಕಿರು ಶಾಸನಗಳ ತಿರುಳು. ಗಡಿಯಾಚೆ, ಆಂಧ್ರದ ಎರ್ರಗುಡಿಯಲ್ಲಿ ಅವನ ಹದಿನಾಲ್ಕು ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಎಂಟನೆಯದು ಪ್ರಯಾಣದ ಕುರಿತಾದದ್ದು. ಹಿಂದಿನ ಅರಸರು ಬೇಟೆ ವಿನೋದಗಳಿಗೆ ವಿಹಾರಯಾತ್ರೆ ಹೋಗುತ್ತಿದ್ದರು. ಪಟ್ಟವೇರಿ ಹತ್ತು ವರ್ಷವಾದಾಗ ತಾನು ಬುದ್ಧನಿಗೆ ಅರಿವು ಮೂಡಿದ ಸ್ಥಳಕ್ಕೆ ಹೋದೆ, ಅಂದಿನಿಂದ ತನ್ನದು ಧರ್ಮಯಾತ್ರೆ, ಮುದುಕರನ್ನೂ ಹಳ್ಳಿಗರನ್ನೂ ಕಂಡು ಮಾತಾಡುವುದು ಎನ್ನುತ್ತಾನೆ. ಗಮನಿಸಬೇಕಾದದ್ದು ಮುಂದಿನ ಮಾತು: ಇದರಲ್ಲಿ ತನಗೆ ಮೊದಲಿಗಿಂತ ಹೆಚ್ಚು ಖುಷಿ ಇದೆ ಎಂದು ಹೇಳಿಕೊಳ್ಳುತ್ತಾನೆ. ಸುತ್ತಾಟ ನಿಲ್ಲಲಿಲ್ಲ, ಸಂತೋಷವೂ ನಿಲ್ಲಲಿಲ್ಲ. ಬಿಟ್ಟದ್ದು ಇನ್ನೊಂದು ಜೀವವನ್ನು ಕೊಂದು ಪಡೆಯುವ ಸಂತೋಷವನ್ನು. ಅವನ ಅಡುಗೆಮನೆಯ ಕಥೆಯೂ ಇದೇ. ದಿನಕ್ಕೆ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಸಾಯುತ್ತಿದ್ದ ಕಡೆ ಎರಡು ನವಿಲು, ಒಂದು ಜಿಂಕೆಗೆ ಇಳಿಸಿದ್ದೇನೆ, ಮುಂದೆ ಅದೂ ಇರುವುದಿಲ್ಲ ಎಂದು ಮೊದಲ ಶಾಸನ ಹೇಳುತ್ತದೆ. ಊಟವನ್ನೇ ಬಿಟ್ಟೆ ಎಂದು ಹೇಳುವುದಿಲ್ಲ. ನೋವಿನ ಬೆಲೆ ತೆತ್ತು ಕೊಂಡ ಸುಖ ಯಾವುದು, ಹಾಗಲ್ಲದ್ದು ಯಾವುದು ಎಂಬ ಈ ಗೆರೆ ಸುಖ ಬೇಕೋ ಬೇಡವೋ ಎಂಬ ಗೆರೆಗಿಂತ ಬಹಳ ಸೂಕ್ಷ್ಮವಾದದ್ದು.

ಇನ್ನೊಂದು ಆಕ್ಷೇಪ ಈ ನೆಲದ್ದೇ. 1876-78ರ ಭೀಕರ ಬರದಲ್ಲಿ ತತ್ತರಿಸಿದ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ, ಅದಿರಿನ ಧೂಳು ಕುಡಿದ ಬಳ್ಳಾರಿ ಜಿಲ್ಲೆಯಲ್ಲಿ ಹೂವು, ಕಲೆ, ಮನೆಯ ಅಂದ ಎಂದು ಮಾತಾಡುವುದು ಹೊಟ್ಟೆ ತುಂಬಿದವರ ಚಪಲವಲ್ಲವೇ? ಹೊಟ್ಟೆ ಮೊದಲು, ಅಂದ ಆಮೇಲೆ ಎಂಬ ಈ ಸಾಲುಕ್ರಮ ಕೇಳಲು ನ್ಯಾಯವಾಗಿದೆ. ಚರಿತ್ರೆಯ ಸಾಕ್ಷಿ ಮಾತ್ರ ಅದಕ್ಕೆ ಇಲ್ಲ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963ರಿಂದ 65ರವರೆಗೆ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದವರ ಗುಂಡನೆಯ ಗುಡಿಸಲುಗಳ ನೆಲೆ ಸಿಕ್ಕಿತು. ಕಂಬ ನೆಟ್ಟ ಗುಳಿ, ಒಲೆ, ಕಲ್ಲಿನ ಕೊಡಲಿ. ಲೋಹ ಆಗತಾನೇ ಕೈಗೆ ಬರುತ್ತಿದ್ದ ಆ ಜನ ಮಡಕೆಗೆ ಕಾವಿಯ ಗೆರೆ ಎಳೆದಿದ್ದರು, ಚಿನ್ನದ ಸಣ್ಣ ಆಭರಣ ಮಾಡಿಕೊಂಡಿದ್ದರು. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳಲ್ಲಿ ಕೊರಲೆ, ಹುರುಳಿ, ಹೆಸರು ತಿಂದು ಬದುಕಿದವರು ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಬಿಡಿಸಿದರು. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ನಾದ ಹೊರಡುತ್ತದೆ, ಬಡಿದು ಬಡಿದು ಸವೆದ ಗುಳಿಗಳು ಇಂದಿಗೂ ಕಾಣುತ್ತವೆ. ಹಗಲೆಲ್ಲ ದನ ಕಾದು, ಹುರುಳಿ ಬೇಯಿಸಿ ದಣಿದವರಿಗೆ ಆ ನಾದ ಯಾಕೆ ಬೇಕಿತ್ತು? ಅದು ಪೂಜೆಯೋ ವಿನೋದವೋ ಎಂದು ವಿದ್ವಾಂಸರು ಚರ್ಚಿಸಲಿ. ಎರಡನ್ನೂ ಬೇರ್ಪಡಿಸುವ ಗೋಡೆ ಅವರಿಗೆ ಇತ್ತೆಂದು ನನಗಂತೂ ಅನಿಸುವುದಿಲ್ಲ. ಬಹಳ ಕಾಲದ ಮೇಲೆ, 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್, ಇಲ್ಲಿನವರಿಗೆ ಗುಲಾಬಿ ಅನ್ನದಷ್ಟೇ ಅಗತ್ಯದ ವಸ್ತು ಎಂದು ಬೆರಗಾಗಿ ಬರೆದ. ಅನ್ನದ ಆಮೇಲಿನದು ಎಂದು ಬರೆಯಲಿಲ್ಲ.

ಪೂಜೆ ವಿನೋದಗಳ ನಡುವೆ ಆ ಗೋಡೆ ಇಲ್ಲದಿರುವುದು ಈಗಲೂ ಕಾಣುವುದು ತೊಗಲು ಗೊಂಬೆಯಾಟದಲ್ಲಿ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರಂಥವರು ಇದನ್ನು ಗಾಂಧೀಜಿಯ ಕಥೆಯವರೆಗೂ ಬೆಳೆಸಿದರು. ಮೂಲದಲ್ಲಿ ಇದು ದೇವರಿಗೆ, ಮಳೆಗೆ ಹೊತ್ತ ಹರಕೆಯ ಆಟ. ಗಣಪತಿ ಬಂದು ಹೋಗುತ್ತಾನೆ, ರಾಮಾಯಣ ಸಾಗುತ್ತದೆ, ನಡುವೆ ಕಿಳ್ಳೇಕ್ಯಾತ ಬಂಗಾರಕ್ಕ ಬಂದು ಹಸಿಹಸಿ ಹಾಸ್ಯದಿಂದ ಪರದೆ ಅಲ್ಲಾಡಿಸುತ್ತಾರೆ. ಮಡಿವಂತರಿಗೆ ಕಸಿವಿಸಿಯಾಗುವ ಮಾತುಗಳವು. ಆದರೂ ಅವರಿಬ್ಬರು ಬಾರದೆ ಆಟವಾಯಿತೆಂದು ಯಾವ ಊರೂ ಒಪ್ಪುವುದಿಲ್ಲ. ಕುರುಗೋಡಿನ ತೇರೂ ಹಾಗೆಯೇ: ಏಕಶಿಲೆಯ ಬೃಹತ್ ಬಸವನಿಗೆ ಕಾಯಿ ಒಡೆಸಿ ಬಂದವರು ಬೆಂಡು ಬತ್ತಾಸು ಕೊಳ್ಳುತ್ತಾರೆ, ಬಳೆ ಇಡಿಸಿಕೊಳ್ಳುತ್ತಾರೆ. ಭಕ್ತಿ ಎಲ್ಲಿ ಮುಗಿದು ಜಾತ್ರೆ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗದು.

ಹಾಗಾದರೆ ಕಟ್ಟಿಹಾಕುವುದು ಯಾವುದು? ಒಂದು ಮಿರ್ಚಿ ಇನ್ನೊಂದನ್ನು ಕರೆಯುತ್ತದೆ, ಸಣ್ಣ ಸುಖವೇ ದೊಡ್ಡ ಚಟದ ಮೊಳಕೆ ಎಂಬ ವಾದ ಇದೆ. (ಮಿರ್ಚಿಯ ಮಟ್ಟಿಗೆ ಇದು ನಿಜವೆಂದು ಬಳ್ಳಾರಿಯವರು ಒಪ್ಪಿಯಾರು.) ಆದರೆ ಹೊಟ್ಟೆಗೆ ಒಂದು ಮಿತಿಯಿದೆ, ಮಲ್ಲಿಗೆಗೆ ಒಂದು ಸಂಜೆಯಿದೆ, ತೇರಿಗೆ ಒಂದು ದಿನವಿದೆ. ಇವು ತಮ್ಮಷ್ಟಕ್ಕೆ ತಾವೇ ಸಾಕು ಎನ್ನುವ ಸುಖಗಳು. ಗೀತೆ ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎಂದು ಎರಡೂ ಕಡೆ ಬೇಲಿ ಹಾಕಿತು. ಸಾತ್ವಿಕ ಆಹಾರ ಹೇಳುವಾಗ ರಸವತ್ತಾದದ್ದು, ಮನಸ್ಸಿಗೆ ಹಿಡಿಸುವುದು ಎಂದೇ ಹೇಳಿತು. ಸಾಕು ಎನ್ನದಿರುವುದು ಹಣ, ಅಧಿಕಾರ, ಹೆಸರು. ಗುಡ್ಡವನ್ನೇ ಅಗೆದು ಸಾಗಿಸಿದರೂ ತೀರದ ಹಸಿವನ್ನು ಈ ಜಿಲ್ಲೆ ಕಣ್ಣಾರೆ ನೋಡಿದೆ. ವಿಚಿತ್ರವೆಂದರೆ ಅಂಥ ಹಸಿವಿನವರು ಎಷ್ಟೋ ಸಲ ನೇಮನಿಷ್ಠೆಯಲ್ಲಿ ಕಟ್ಟುನಿಟ್ಟು. ಅಲ್ಲಮಪ್ರಭು ದೋಷವನ್ನು ವಸ್ತುವಿನಲ್ಲಿ ಹುಡುಕದೆ ಅದರ ಮುಂದೆ ಬಾಯಿ ಬಿಟ್ಟು ನಿಂತ ಮನಸ್ಸಿನಲ್ಲಿ ಹುಡುಕಿದ್ದು ಇದಕ್ಕೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣ, ಅದನ್ನು ಪೂರ್ತಿ ತಳ್ಳಿಹಾಕಲು ಸಾಧ್ಯವೂ ಇಲ್ಲ. ಒಬ್ಬರ ಸಂತೋಷ ಇನ್ನೊಬ್ಬರ ದುಡಿಮೆ. ಬೆಳಗಿನ ಒಗ್ಗಾಣಿಯ ಹಿಂದೆ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಕೆಮ್ಮುವವರಿದ್ದಾರೆ. ಮೊಳ ಮಲ್ಲಿಗೆಯ ಹಿಂದೆ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿದ ಬೆರಳುಗಳಿವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಹಬ್ಬಿದ ಗದ್ದೆಗಳ ಸಿರುಗುಪ್ಪದ ಅಕ್ಕಿಯ ಹಿಂದೆ ಕೆಸರಿನಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕಿದ ಹೆಂಗಸರಿದ್ದಾರೆ. ಅಂಗಳ ಸಾರಿಸಿದವರು ಯಾರು, ಅದರ ಅಂದ ಸವಿದವರು ಯಾರು? ಇದಕ್ಕೆ ಉತ್ತರ ಸುಖವನ್ನೇ ಬಿಡುವುದೆನ್ನುವುದು ನನಗೆ ಸರಿಕಾಣದು. ಉಣ್ಣುವವನು ಎಲೆ ಬಿಟ್ಟೆದ್ದರೆ ಬಡಿಸಿದವಳಿಗೆ ಅದರಿಂದ ಲಾಭವಿಲ್ಲ. ಶರಣರು ಹೇಳಿದ ದಾರಿ ಬೇರೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಮಾರಯ್ಯ ಅಕ್ಕಿ ಆಯುವ ಕಾಯಕದವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದುಬರಲು ಕಳಿಸಿದಳು. ಆಕೆಯ ಮನೆಯಲ್ಲಿ ಅಡುಗೆ ನಿಲ್ಲಲಿಲ್ಲ, ದಾಸೋಹವೂ ನಿಲ್ಲಲಿಲ್ಲ. ತಾನು ದುಡಿದದ್ದು, ಇಂದಿಗೆ ಸಾಲುವಷ್ಟು, ಹಂಚಿ ಉಣ್ಣುವಂಥದ್ದು: ಈ ಮೂರೂ ಕೂಡಿದಾಗ ಅನ್ನ ಪ್ರಸಾದವಾಯಿತು. ಸಂತೋಷ ಧರ್ಮಕ್ಕೆ ಸೇರಿದ್ದು ಎಂದು ಒಪ್ಪಿದರೆ ಮಾತ್ರ ಅದನ್ನು ಇನ್ನೊಬ್ಬರಿಂದ ಕಿತ್ತುಕೊಳ್ಳುವುದು ಅಧರ್ಮವಾಗುತ್ತದೆ. ಸುಖವೇ ತುಚ್ಛವೆಂದ ಮೇಲೆ ನಾಟಿ ಹಾಕುವವಳಿಗೆ ಅದು ಸಿಗಲಿಲ್ಲವೆಂದು ದೂರುವುದಕ್ಕೆ ನೆಲೆಯೇ ಉಳಿಯುವುದಿಲ್ಲ. ತ್ಯಾಗದ ಉಪದೇಶ ಯಾವಾಗಲೂ ಕಡಿಮೆ ಇರುವವರ ಮನೆಗೇ ಬೇಗ ತಲುಪುವುದು ಕಾಕತಾಳೀಯವಲ್ಲ.

ಶ್ರಾವಣದಲ್ಲಿ ನಮ್ಮ ಊರುಗಳ ಮಠ, ಗುಡಿಗಳಲ್ಲಿ ಪುರಾಣ-ಪ್ರವಚನ ಹೇಳುವವರಲ್ಲಿ ಒಂದು ಬಿನ್ನಹವಿದೆ. ನಚಿಕೇತನ ಕಥೆ ಹೇಳುವಾಗ ನೇರವಾಗಿ ಮೂರನೆಯ ವರಕ್ಕೆ ಹಾರಬೇಡಿ. ಮನೆ, ಮಾತು, ನಿದ್ದೆ ಕೇಳಿದ ಮೊದಲ ವರವನ್ನೂ ಅಷ್ಟೇ ಬಿಡಿಸಿ ಹೇಳಿ. ಪ್ರವಚನ ಮುಗಿದು ಪ್ರಸಾದಕ್ಕೆ ಕೂತಾಗ, ಒಲೆಯ ಮುಂದೆ ಇನ್ನೂ ನಿಂತಿರುವವರನ್ನು ಮೊದಲ ಪಂಕ್ತಿಗೇ ಕರೆಯಿರಿ.