ಬಾಗಿಲು ತಟ್ಟುವ ಕೈ, ಬೊಟ್ಟು ಮಾಡುವ ಬೆರಳು



ಚುನಾವಣೆ ಬಂತೆಂದರೆ ಪಕ್ಷದವರಷ್ಟೇ ಅಲ್ಲ, ಯಾವ ಪಕ್ಷಕ್ಕೂ ಸೇರದ ಸಂಘಸಂಸ್ಥೆಗಳವರೂ ಮನೆಮನೆಗೆ ಬರುತ್ತಾರೆ. "ಯಾರಿಗಾದರೂ ಹಾಕಿ, ಆದರೆ ತಪ್ಪದೆ ಮತ ಹಾಕಿ" ಎನ್ನುತ್ತಾರೆ. ಇಂಥ ಮಾತಿಗೆ ಜನ ನಿಜವಾಗಿ ಮತಗಟ್ಟೆಗೆ ಬರುತ್ತಾರೆಯೇ? ಬರುವುದಾದರೆ, ಅವರನ್ನು ಕರೆತರಲು ಯಾವ ದಾರಿ ಹಿಡಿದರೂ ಸರಿಯೇ?

ಮೊದಲ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ ಹುಡುಕಿದವರಿದ್ದಾರೆ. 1998ರ ಚುನಾವಣೆಯಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್, ನ್ಯೂ ಹೇವನ್ ನಗರದ ಸುಮಾರು 30 ಸಾವಿರ ಮತದಾರರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಕೆಲವರ ಮನೆಗೆ ಜನರನ್ನು ಕಳಿಸಿದರು, ಕೆಲವರಿಗೆ ಅಂಚೆ, ಕೆಲವರಿಗೆ ಫೋನು. ಉಳಿದವರಿಗೆ ಏನೂ ಇಲ್ಲ. ಬಾಗಿಲಲ್ಲಿ ನಿಂತು ಮಾತನಾಡಿಸಿದವರಲ್ಲಿ ಮತದಾನ ನೂರಕ್ಕೆ ಸುಮಾರು 8ರಷ್ಟು ಹೆಚ್ಚಿತು. ಅಂಚೆಯ ಫಲ ಅತ್ಯಲ್ಪ. ಫೋನಿನಿಂದ ಪ್ರಯೋಜನವೇ ಕಾಣಲಿಲ್ಲ. 2002ರಲ್ಲಿ ಡೇವಿಡ್ ನಿಕರ್ಸನ್ ಡೆನ್ವರ್ ಮತ್ತು ಮಿನಿಯಾಪೊಲಿಸ್ ನಗರಗಳಲ್ಲಿ ಇಬ್ಬರು ಮತದಾರರಿದ್ದ ಮನೆಗಳನ್ನು ಆರಿಸಿಕೊಂಡರು. ಬಾಗಿಲು ತೆರೆದವರ ಮೇಲಾದ ಪರಿಣಾಮದಲ್ಲಿ ನೂರಕ್ಕೆ 60 ಪಾಲು ಮನೆಯ ಇನ್ನೊಬ್ಬರಿಗೂ ದಾಟಿತ್ತು. ಒಂದೇ ಸೂರಿನಡಿ ಬಾಳುವವರ ಮಾತಿಗೆ ಎಂಥ ಬಲವಿದೆ ನೋಡಿ!

ಎರಡನೆಯ ಪ್ರಶ್ನೆ ಕಠಿಣವಾದದ್ದು. ಅಮೆರಿಕದಲ್ಲಿ ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು; ಹಾಕಿದಿರೋ ಇಲ್ಲವೋ ಎಂಬುದು ಸಾರ್ವಜನಿಕ ದಾಖಲೆ. 2006ರಲ್ಲಿ ಮಿಷಿಗನ್ ರಾಜ್ಯದ ಕೆಲವು ಮನೆಗಳಿಗೆ ಇದೇ ಸಂಶೋಧಕರ ತಂಡದಿಂದ ಒಂದು ಪತ್ರ ಹೋಯಿತು. ಆ ಮನೆಯವರೂ ನೆರೆಹೊರೆಯವರೂ ಹಿಂದೆ ಮತ ಹಾಕಿದ್ದರೋ ಇಲ್ಲವೋ ಎಂಬ ಪಟ್ಟಿ ಅದರಲ್ಲಿತ್ತು. ಚುನಾವಣೆಯ ನಂತರ ಹೊಸ ಪಟ್ಟಿ ಕಳಿಸುವುದಾಗಿಯೂ ಬರೆದಿತ್ತು. ಯಾವ ಪತ್ರವೂ ಬಾರದವರಲ್ಲಿ ನೂರಕ್ಕೆ 29.7 ಮಂದಿ ಮತ ಹಾಕಿದ್ದರು; ಈ ಪತ್ರ ಬಂದವರಲ್ಲಿ 37.8. 'ಮತದಾನ ನಿಮ್ಮ ಕರ್ತವ್ಯ' ಎಂದಷ್ಟೇ ತಿಳಿಸಿದ ಪತ್ರಕ್ಕೆ ಸಿಕ್ಕಿದ್ದು 31.5.

ಅಂದರೆ ನಾಚಿಕೆಯೂ ಕೆಲಸ ಮಾಡುತ್ತದೆ. "ಮತದಾನ ಕರ್ತವ್ಯವೇ ಆಗಿರುವಾಗ, ನಾಚಿಸಿ ಮಾಡಿಸಿದರೆ ತಪ್ಪೇನು?" ಎಂದು ನೀವು ಕೇಳಬಹುದು. ಕರ್ತವ್ಯವೆಂಬುದು ನಿಜ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2240ನೆಯ ಪರಿಚ್ಛೇದದಲ್ಲಿ ಮತದಾನವನ್ನು ನೈತಿಕ ಹೊಣೆ ಎಂದೇ ಹೇಳುತ್ತದೆ. ಆದರೆ ನೆರೆಯವರ ಕಣ್ಣಿಗೆ ಹೆದರಿ ಹಾಕಿದ ಮತದಲ್ಲಿ ನಾಡಿನ ಚಿಂತೆಗಿಂತ ಸ್ವಂತ ಮಾನದ ಚಿಂತೆಯೇ ದೊಡ್ಡದು. ಮೇಲಾಗಿ, ಪಟ್ಟಿಗೆ ಕಿವಿಯಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋಗಲಾರದ ಮಗಳೂ ಉದಾಸೀನನೂ ಅದಕ್ಕೆ ಒಂದೇ. ಬಾಗಿಲಿಗೆ ಬಂದವನಾದರೋ ಕಾರಣ ಕೇಳಬಲ್ಲ, ಕೈಲಾದ ನೆರವನ್ನೂ ನೀಡಬಲ್ಲ.

ನಮ್ಮಲ್ಲಿ ಅಂಥ ಪತ್ರ ಬೇಕಾಗಿಲ್ಲ, ಬೆರಳೇ ಹೇಳಿಬಿಡುತ್ತದೆ. 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯೊಂದು ತಯಾರಿಸಿಕೊಡುತ್ತಿರುವ ಅಳಿಸಲಾಗದ ಶಾಯಿಯ ಉದ್ದೇಶ ಒಬ್ಬರೇ ಎರಡು ಬಾರಿ ಮತ ಹಾಕದಂತೆ ತಡೆಯುವುದು, ಹಾಕದವರನ್ನು ಹಂಗಿಸುವುದಲ್ಲ.

ಆದ್ದರಿಂದ ಮುಂದಿನ ಚುನಾವಣೆಗೆ ಮುನ್ನ ನಿಮ್ಮ ಬೀದಿಯ ನಾಲ್ಕು ಮನೆಗಳಿಗೆ ಹೋಗಿ ಬನ್ನಿ. ಪಟ್ಟಿಯಲ್ಲಿ ಹೆಸರಿದೆಯೇ, ಮತಗಟ್ಟೆಗೆ ಜೊತೆ ಬೇಕೇ, ಒಂದು ಗಂಟೆ ರೋಗಿಯ ಬಳಿ ಕೂರಬೇಕೇ ಎಂದು ವಿಚಾರಿಸಿ. ಮತದಾನದ ಮರುದಿನ ಮಾತ್ರ ಯಾರ ಬೆರಳನ್ನೂ ನೋಡಲು ಹೋಗಬೇಡಿ.