ಫ್ರೇಮಿನ ಕಣ್ಣು

ಹೊಸ ಸೈಕಲ್ ಕೊಂಡಾಗ ಬಿಲ್ಲಿನಲ್ಲಿ ಸೈಕಲ್ಲಿನ ಬೆಲೆ ಒಂದು ಸಾಲು, ಅದರ ಕೆಳಗೆ ಇನ್ನೊಂದಿಷ್ಟು ಸಾಲು. ಬೆಲ್ಲು, ಸ್ಟ್ಯಾಂಡು, ಮುಂದಿನ ದೀಪ, ಹಿಂದಿನ ಕೆಂಪು ದೀಪ, ಮಡ್‌ಗಾರ್ಡು, ಬೀಗ. ಅಂಗಡಿಯಲ್ಲಿ ಇವಕ್ಕೆಲ್ಲ ‘ಆಕ್ಸೆಸರೀಸ್’ ಎಂದು ಒಂದೇ ಹೆಸರು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ನನಗಿನ್ನೂ ಸಿಕ್ಕಿಲ್ಲ. ಬಿಡಿಭಾಗ ಅಂದರೆ ಸ್ಪೇರ್ ಪಾರ್ಟ್ ಆಗಿಬಿಡುತ್ತದೆ, ಪರಿಕರ ಅಂದರೆ ಪೂಜೆ ಸಾಮಾನಿನ ಹಾಗೆ ಕೇಳಿಸುತ್ತದೆ. ‘ಮೇಲುಸಾಮಾನು’ ಅನ್ನೋಣ. ಇಲ್ಲಿಯವರೆಗೆ ಸೈಕಲ್ಲು, ಇಲ್ಲಿಂದಾಚೆ ಮೇಲುಸಾಮಾನು ಎಂಬ ಗೆರೆಯನ್ನು ಯಾರು ಎಳೆದರು, ಎಲ್ಲಿ ಎಳೆದರು ಎಂಬುದೇ ನನ್ನ ತಕರಾರು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ, ಒಂದೊಂದರ ಮುಂದೆಯೂ ‘ಯಾರಿಗಾಗಿ?’ ಎಂದು ಬರೆದು ನೋಡಿ. ಬೆಲ್ಲು ಎದುರಿಗೆ ನಡೆದು ಹೋಗುತ್ತಿರುವವರಿಗೆ. ತುಳಿಯುವವನಿಗೆ ತಾನು ಬರುತ್ತಿರುವುದು ಗೊತ್ತೇ ಇದೆ. ಕೆಂಪು ದೀಪ ಹಿಂದೆ ಬರುವ ಲಾರಿಯವನಿಗೆ (ಅದರಲ್ಲಿ ನಮ್ಮ ಜೀವದ ಆಸೆಯೂ ಇದೆ, ಸರಿ). ಮಡ್‌ಗಾರ್ಡು ಅರ್ಧ ನಮ್ಮ ಬೆನ್ನಿಗೆ, ಅರ್ಧ ಹಿಂದಿನವರ ಮುಖಕ್ಕೆ. ಸ್ಟ್ಯಾಂಡು ಅಪಾರ್ಟ್‌ಮೆಂಟಿನ ಮೊಗಸಾಲೆಯಲ್ಲಿ ಓಡಾಡುವವರಿಗೆ. ಕ್ಯಾರಿಯರ್ ಪೂರ್ತಿಯಾಗಿ ಬೇರೆಯವರದ್ದು. ಬೀಗ ಒಂದು ಮಾತ್ರ ಅಪ್ಪಟ ನಮ್ಮದು. ಇನ್ನು ಮೂಲ ಬೆಲೆಯಲ್ಲೇ ಬಂದದ್ದೇನು? ಇಪ್ಪತ್ತೊಂದು ಗೇರು, ಕುಲುಕಾಟ ನುಂಗುವ ಮುಂದಿನ ಫೋರ್ಕು, ಕೈಗೆ ಹಿತವಾದ ಗ್ರಿಪ್ಪು. ಬ್ರೇಕು ಇಬ್ಬರಿಗೂ ಸೇರಿದ್ದು, ಅದನ್ನು ಬಿಡೋಣ. ಮಿಕ್ಕಂತೆ ಲೆಕ್ಕ ಸಾಕಷ್ಟು ಸ್ಪಷ್ಟವಾಗಿದೆ. ತುಳಿಯುವವನ ಸುಖಕ್ಕೆ ಇರುವುದು ದೇಹ, ರಸ್ತೆಯಲ್ಲಿರುವ ಉಳಿದವರಿಗಾಗಿ ಇರುವುದು ಮೇಲುಸಾಮಾನು.

ಹಾಗಂತ ಹಳೆಯ ಕರಿ ಸೈಕಲ್ಲಿನ ಕಾಲದಲ್ಲಿ ಎಲ್ಲರೂ ಪರೋಪಕಾರಿಗಳಾಗಿದ್ದರು ಎಂದು ನಾನು ಹೇಳಲಾರೆ. ಆಗಲೂ ಡೈನಮೋ ದುಡ್ಡಿದ್ದವರದ್ದು. ದೀಪವಿಲ್ಲದೆ ರಾತ್ರಿ ಹೊರಟು, ಪೊಲೀಸ್ ಕಂಡೊಡನೆ ಇಳಿದು ತಳ್ಳಿಕೊಂಡು ಹೋದವರ ಕತೆ ನಮ್ಮ ತಂದೆಯ ತಲೆಮಾರಿನ ಪ್ರತಿ ಮನೆಯಲ್ಲೂ ಒಂದಿದೆ. ಸೈಕಲ್ ತೆರಿಗೆ ಕಟ್ಟಿ ಪುರಸಭೆಯಿಂದ ತಂದು ಫ್ರೇಮಿಗೆ ಬಿಗಿಯುತ್ತಿದ್ದ ಲೋಹದ ಬಿಲ್ಲೆಯೂ ಒಂದು ಮೇಲುಸಾಮಾನೇ. ಅದರಿಂದ ಯಾರಿಗೆ ಉಪಕಾರವಾಯಿತೋ ಕಾಣೆ. ಆದರೆ ಆ ಸೈಕಲ್ಲಿನ ಕಟ್ಟೋಣದಲ್ಲಿ ಒಂದು ಗುಣವಿತ್ತು. ಹಿಂದಿನ ಚಕ್ರದ ಅಚ್ಚು ಎರಡೂ ಬದಿಗೆ ಉದ್ದಕ್ಕೆ ಚಾಚಿಕೊಂಡಿರುತ್ತಿತ್ತು. ಸ್ಟ್ಯಾಂಡಿನ ಕಾಲು, ಕ್ಯಾರಿಯರಿನ ಕಡ್ಡಿ ಎಲ್ಲವನ್ನೂ ಅದಕ್ಕೇ ಸಿಕ್ಕಿಸಿ ಒಂದೇ ನಟ್ಟಿನಲ್ಲಿ ಬಿಗಿಯಬಹುದಿತ್ತು. ಹಾಲಿನವನು ಕ್ಯಾನು ತೂಗುಹಾಕಲು ಕೊಕ್ಕೆ ಸೇರಿಸಿದ. ತೆಲಂಗಾಣದ ಹಳ್ಳಿಗಳಲ್ಲಿ ಈಚಲು ಇಳಿಸುವವರು ಮಡಕೆ ಕಟ್ಟಿಕೊಂಡರು. ಸಾಣೆ ಹಿಡಿಯುವವನು ತಿರುಗುವ ಕಲ್ಲನ್ನೇ ಕೂರಿಸಿ ಸೈಕಲ್ಲನ್ನು ಅಂಗಡಿ ಮಾಡಿಕೊಂಡ. ಕಾರ್ಖಾನೆಯವರು ಇವರನ್ನೆಲ್ಲ ನೆನೆದು ಅಚ್ಚು ಮಾಡಿದ್ದಿರಲಾರದು. ಅಂತೂ ಜಾಗ ಇತ್ತು.

ಈಗ ಚಕ್ರವನ್ನು ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ಬಿಚ್ಚುವ ವ್ಯವಸ್ಥೆ ಬಂದಿದೆ. ಅಂಥ ಅಚ್ಚಿಗೆ ಏನನ್ನೂ ಸಿಕ್ಕಿಸಲಾಗದು. ಹಾಗಾಗಿ ಕ್ಯಾರಿಯರ್ ಕೂರಬೇಕಾದರೆ ಫ್ರೇಮಿನಲ್ಲೇ, ಅಚ್ಚಿನ ಪಕ್ಕ, ಐದು ಮಿಲಿಮೀಟರ್ ಸ್ಕ್ರೂ ಹಿಡಿಸುವ ಎರಡು ಪುಟ್ಟ ಕಣ್ಣುಗಳಿರಬೇಕು. ಸೀಟಿನ ಕೆಳಗೆ ಇನ್ನೆರಡು. ಬೆಲೆ ಏರಿದಂತೆ ಈ ಕಣ್ಣುಗಳು ಮುಚ್ಚುತ್ತಾ ಹೋಗುತ್ತವೆ. ಗಚ್ಚಿಬೌಲಿ, ಕೊಂಡಾಪುರದ ಕಡೆಯ ಅಂಗಡಿಗೆ ಹೋಗಿ ರೇಸಿನ ಮಾದರಿಯ ಸೈಕಲ್ಲಿಗೆ ಕ್ಯಾರಿಯರ್ ಬೇಕೆಂದರೆ ಹುಡುಗ ಫ್ರೇಮನ್ನು ಒಮ್ಮೆ ಬಗ್ಗಿ ನೋಡಿ, ‘ಇಸ್ಕು ಕ್ಯಾರಿಯರ್ ನೈ ಲಗ್ತಾ ಸಾಬ್’ ಅನ್ನುತ್ತಾನೆ. ಯಾಕೆಂದರೆ ತೂಕದ ಕಾರಣ ಕೊಡುತ್ತಾನೆ.

ಈ ತೂಕದ ಮಾತು ನಿಜವೇ? ಅದೇ ಫ್ರೇಮಿನ ಕೆಳಕೊಳವೆಯನ್ನು ನೋಡಿ. ನೀರಿನ ಬಾಟಲಿಯ ಪಂಜರ ಕೂರಿಸಲು ಅಲ್ಲಿ ಎರಡು ತೂತುಗಳಿವೆ. ಅವುಗಳ ನಡುವಿನ ಅಂತರ 64 ಮಿಲಿಮೀಟರ್. ಯಾವ ದೇಶದ, ಯಾವ ಕಂಪನಿಯ ಸೈಕಲ್ಲಾದರೂ ಸಾಮಾನ್ಯವಾಗಿ ಇಷ್ಟೇ. ಒಂದೊಂದು ಗ್ರಾಮಿಗೂ ಲೆಕ್ಕವಿಡುವ ಕಾರ್ಬನ್ ಫ್ರೇಮಿನಲ್ಲೂ ಈ ತೂತುಗಳಿಗೆ ಜಾಗವಿದೆ, ಅನೇಕ ಸಲ ಎರಡು ಜೊತೆ. ತುಳಿಯುವವನ ಬಾಯಾರಿಕೆ ಕಾರ್ಖಾನೆಗೆ ಮೊದಲೇ ಗೊತ್ತಿದೆ. ಅದಕ್ಕಾಗಿ ಜಗತ್ತೆಲ್ಲ ಸೇರಿ ಒಂದು ಅಳತೆಯನ್ನೇ ಒಪ್ಪಿಕೊಂಡಿದೆ. ಹಿಂದೆ ಕೂರುವವರ ವಿಷಯ ಬಂದಾಗ ಮಾತ್ರ ಗ್ರಾಮಿನ ಲೆಕ್ಕ ಶುರುವಾಗುತ್ತದೆ.

ನಾನು ಮಾಡುವ ಕೆಲಸದಲ್ಲಿ ಇದು ದಿನಾ ಕಾಣುವ ಸಂಗತಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಾಗಿ ಪ್ರತಿ ಬಟನ್ನಿಗೂ ಒಂದು ಹೆಸರು ಬರೆದಿಡುವುದು, ಕನ್ನಡದ ಒತ್ತಕ್ಷರ ಕತ್ತರಿಸಿ ಹೋಗದಂತೆ ಸಾಲಿನ ಕೆಳಗೆ ಒಂಚೂರು ಜಾಗ ಬಿಡುವುದು, ಇವೆಲ್ಲ ‘ಫೇಸ್ ಟೂ’ ಎಂಬ ಕಾಲಮ್ಮಿಗೆ ಹೋಗುತ್ತವೆ. ಫೇಸ್ ಟೂ ಬಂದದ್ದನ್ನು ಕಂಡವರು ಕಡಿಮೆ.

ಕಾನೂನಿನಿಂದ ಗೆರೆಯನ್ನು ಸರಿಸಬಹುದೇ? ಸ್ವಲ್ಪ ಮಟ್ಟಿಗೆ. ಬ್ರಿಟನ್ನಿನಲ್ಲಿ 2010ರ ನಿಯಮದಂತೆ ಹೊಸ ಸೈಕಲ್ಲನ್ನು ಬೆಲ್ಲಿನ ಸಮೇತ ಮಾರಬೇಕು. ಕೊಂಡವನು ಮಾರನೆಯ ದಿನ ಅದನ್ನು ಬಿಚ್ಚಿಟ್ಟರೆ ಆ ನಿಯಮ ಅವನನ್ನು ಕೇಳುವುದಿಲ್ಲ. ಜರ್ಮನಿಯಲ್ಲಿ 2013ರವರೆಗೆ ಡೈನಮೋ ಕಡ್ಡಾಯವಾಗಿತ್ತು. ಆದರೆ 11 ಕೆ.ಜಿ. ಮೀರದ ರೇಸಿನ ಸೈಕಲ್ಲಿಗೆ ಬ್ಯಾಟರಿ ದೀಪ ಸಾಕು ಎಂಬ ವಿನಾಯಿತಿ ಇತ್ತು. ಹಗುರವಾಗಿದ್ದವರಿಗೆ ಕಟ್ಟುಪಾಡೂ ಹಗುರ! ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇದೆ ಅಂತ ನನಗನ್ನಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಮೋಟಾರ್ ಸೈಕಲ್ಲಿಗೆ ಹಿಂದಿನವರು ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷೆ ಇರಲೇಬೇಕು ಎನ್ನುತ್ತದೆ. ಸೀರೆ ಗಾರ್ಡ್ ಎಂದು ನಾವು ಕರೆಯುವುದು ಇದನ್ನೇ. ಓಡಿಸುವವನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವ ಒಬ್ಬ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ದೇಶ ಬರೆದ ವಾಕ್ಯ ಅದು. ಸೈಕಲ್ಲು ಮೋಟಾರು ವಾಹನವಲ್ಲವಾದ್ದರಿಂದ ಆ ವಾಕ್ಯ ಅದರವರೆಗೆ ಬರಲಿಲ್ಲ.

ಹೈದರಾಬಾದಿನ ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರ ಅಕ್ಟೋಬರ್ 1ರಂದು ತೆರೆದ ಸೈಕಲ್ ದಾರಿಯಲ್ಲಿ ಈ ಗೆರೆ ಬರಿಗಣ್ಣಿಗೇ ಕಾಣುತ್ತದೆ. ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯವರೆಗೆ ಒಂದು, ನಾರ್ಸಿಂಗಿಯಿಂದ ಕೊಲ್ಲೂರಿನವರೆಗೆ ಇನ್ನೊಂದು (ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ), ಒಟ್ಟು 23 ಕಿಲೋಮೀಟರ್. ಮೇಲೆ ಸೌರಫಲಕಗಳ ಚಾವಣಿ, ರಾತ್ರಿಗೆ ದೀಪ. ಚೆನ್ನಾಗಿದೆ, ನಾನೂ ಹೋಗುತ್ತೇನೆ. ಅಲ್ಲಿಗೆ ಎಷ್ಟೋ ಜನ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. ಅಲ್ಲಿ ಸೈಕಲ್ಲೇ ಕಾರಿನ ಮೇಲುಸಾಮಾನು. ಚಾವಣಿಯ ಕೆಳಗೆ ಮಡ್‌ಗಾರ್ಡಿನ ಗರಜಿಲ್ಲ, ಮನೆಗೆ ಸಾಮಾನು ಒಯ್ಯುವ ಪ್ರಶ್ನೆಯಿಲ್ಲ. ಬೆತ್ತಲೆ ಫ್ರೇಮು ಅಲ್ಲಿ ನಿಜಕ್ಕೂ ಪೂರ್ಣ. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಡ್ಯೂಟಿ ಮುಗಿಸಿದ ಸೆಕ್ಯೂರಿಟಿಯವರು ಹ್ಯಾಂಡಲ್ಲಿಗೆ ಟಿಫಿನ್ ಡಬ್ಬಿ ತೂಗಿಸಿಕೊಂಡು, ದೀಪವಿಲ್ಲದೆ, ಎದುರು ದಿಕ್ಕಿನಲ್ಲಿ ಬರುತ್ತಿರುತ್ತಾರೆ. ಕೆಂಪು ದೀಪ ಅಗತ್ಯವಿರುವುದು ಅವರಿಗೆ. ಅಂಗಡಿಯ ಪಟ್ಟಿಯಲ್ಲಿ ಅದನ್ನು ಕೊಳ್ಳುವುದು ನಾವು.

ಇಷ್ಟು ಹೇಳಿದ ಮೇಲೆ ನನ್ನ ವಿರುದ್ಧವೇ ಒಂದು ಮಾತಾಡಬೇಕು. ಜಾಗ ಇದ್ದವರ ಮೇಲೆಯೇ ಹೊರೆ ಬೀಳುತ್ತದೆ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರುಮಾಡಿದಾಗ ಅದರಲ್ಲಿ ಕ್ಯಾರಿಯರ್ ಇತ್ತು. ಇರಲೇಬೇಕಿತ್ತು, ಪಾಟಿಚೀಲ ಎಲ್ಲಿಡುವುದು? ಹೈಸ್ಕೂಲು ದೂರವೆಂದು ಓದು ಬಿಡಬೇಕಾಗಿದ್ದ ಹುಡುಗಿ ಆ ಸೈಕಲ್ಲಿನಿಂದ ಹೈಸ್ಕೂಲು ಮುಟ್ಟಿದಳು. ಅದೇ ಕ್ಯಾರಿಯರಿನ ಮೇಲೆ ಬೆಳಿಗ್ಗೆ ತಮ್ಮ ಕೂತ, ಸಂಜೆ ರೇಷನ್ ಅಕ್ಕಿಯ ಚೀಲ ಕೂತಿತು, ಭಾನುವಾರ ಹಿಟ್ಟಿನ ಗಿರಣಿಗೆ ಹೋಗುವ ಡಬ್ಬ ಕೂತಿತು. ‘ಹೇಗಿದ್ದರೂ ಸೈಕಲ್ ಇದೆಯಲ್ಲ, ತಗೊಂಡು ಬಾರೇ’ ಎಂಬ ಮಾತಿಗೆ ಉತ್ತರವಿರಲಿಲ್ಲ. ಏನೂ ಕಟ್ಟಲಾಗದ ಒಂದು ಸೈಕಲ್ಲು ಅವಳಿಗಿದ್ದಿದ್ದರೆ ಒಂದು ಸಂಜೆಯಾದರೂ ಕೆರೆ ಏರಿಯವರೆಗೆ ಸುಮ್ಮನೆ ಹೋಗಿ ಬರುತ್ತಿದ್ದಳೇನೋ. ಹಗುರವಾಗಿರುವುದು ಸ್ವಾರ್ಥ ಎಂದು ಅವಳ ಮುಂದೆ ನಿಂತು ಹೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ಪಟ್ಟಿಯನ್ನು ನಾನು ಎರಡಾಗಿ ಒಡೆಯುತ್ತೇನೆ. ಬೆಲ್ಲು, ದೀಪ, ರಿಫ್ಲೆಕ್ಟರು ಇನ್ನೊಬ್ಬರಿಗೆ ನಮ್ಮಿಂದ ಏಟಾಗದಿರಲಿ ಎಂದು ಇರುವಂಥವು. ಇವನ್ನು ಇಷ್ಟವಿದ್ದರೆ ಕೊಳ್ಳಿ ಎಂದು ಮಾರುವುದೇ ತಪ್ಪು; ಇವು ಬ್ರೇಕಿನ ಜೊತೆ ಸೇರಬೇಕಾದವು. ಕ್ಯಾರಿಯರ್ ಬೇರೆ ಜಾತಿಯದ್ದು. ಇನ್ನೊಬ್ಬರ ಭಾರ ಹೊರುವುದು ಕೊಡುವವರ ಇಷ್ಟ, ಅದನ್ನು ಯಾರ ಮೇಲೂ ಹೇರಬಾರದು. ಆದರೆ ಇಷ್ಟವಾದ ದಿನ ಕೊಡಲು ಸಾಧ್ಯವಾಗಬೇಕಲ್ಲ? ಅದಕ್ಕೆ ಬೇಕಾದದ್ದು ಆ ಕಣ್ಣು. ಕಣ್ಣಿದ್ದ ಮಾತ್ರಕ್ಕೆ ಯಾರೂ ಕ್ಯಾರಿಯರ್ ಹಾಕಿಸಬೇಕಾಗಿಲ್ಲ. ಕಣ್ಣೇ ಇಲ್ಲದ ಫ್ರೇಮು ಮಾತ್ರ ಕೊಂಡವನ ಪರವಾಗಿ ಮುಂದಿನ ಹತ್ತು ವರ್ಷಕ್ಕೂ ‘ಆಗಲ್ಲ’ ಎಂದು ಹೇಳಿ ಮುಗಿಸಿರುತ್ತದೆ, ಅವನನ್ನು ಕೇಳದೆಯೇ.

ಆಮೇಲೆ ಕೊರೆಸಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಡ್ರಿಲ್ ಹಿಡಿದು ತೂತು ಹಾಕಿ, ರಿವೆಟ್ ನಟ್ಟು ಕೂರಿಸಿಕೊಡುವವರೂ ಇದ್ದಾರೆ. ಬೇಡ. ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ: ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ, ತೂತು ಎಷ್ಟೇ ಚಿಕ್ಕದಿರಲಿ. ಬಿರುಕು ಹುಟ್ಟುವುದು ಅಲ್ಲಿಂದಲೇ. ಕಾರ್ಖಾನೆಯಲ್ಲಿ ಕಣ್ಣಿಡುವಾಗ ಸುತ್ತ ಲೋಹ ತುಂಬಿ ಬೆಸೆಯುತ್ತಾರೆ, ಭಾರ ಹಂಚಿಹೋಗುತ್ತದೆ. ಅದೇ ಸ್ಕ್ರೂ, ಅದೇ ಜಾಗ. ಮೊದಲೇ ಇಟ್ಟರೆ ಫ್ರೇಮಿಗೆ ಏನೂ ಆಗದು, ಆಮೇಲೆ ಕೊರೆದರೆ ಆಯುಸ್ಸು ತಗ್ಗುತ್ತದೆ.

ಹಾಗಾಗಿ ಉಳಿದ ದಾರಿ ಕ್ಲ್ಯಾಂಪು. ಕಾರ್ಬನ್ ಕೊಳವೆಗೆ ಅದೂ ಬೇಡ, ಹಿಂಡಿದರೆ ಒಳಗೆ ಪದರ ಸೀಳುತ್ತದೆ. ಅಲ್ಯುಮಿನಿಯಂ ಆದರೆ ಹಳೆಯ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಕ್ಲ್ಯಾಂಪಿನ ಕೆಳಗೆ ಸುತ್ತಿ, ಅಲೆನ್ ಕೀಯಿಂದ ಹದವಾಗಿ ಬಿಗಿಯಬೇಕು. ವಾರ ಬಿಟ್ಟು ಇನ್ನೊಮ್ಮೆ ಬಿಗಿಯಬೇಕು, ರಬ್ಬರು ಕೂತಿರುತ್ತದೆ. ಸೀಟಿನ ಕಂಬಕ್ಕೆ ಹಿಡಿಸುವ ಕ್ಯಾರಿಯರ್‌ಗಳೂ ಸಿಗುತ್ತವೆ. ಅವುಗಳ ಮೇಲೆ ಸಾಮಾನ್ಯವಾಗಿ ಹತ್ತು ಕೆ.ಜಿ. ಎಂದು ಬರೆದಿರುತ್ತದೆ. ಹತ್ತು ಕೆ.ಜಿ.ಗೆ ಲ್ಯಾಪ್‌ಟಾಪ್ ಚೀಲ, ಊಟದ ಡಬ್ಬಿ, ರೈತು ಬಜಾರಿನ ಎರಡು ಕಟ್ಟು ಗೋಂಗೂರ ಸೊಪ್ಪು ಧಾರಾಳವಾಗಿ ಬರುತ್ತದೆ. ಮಗುವನ್ನು ಕೂರಿಸುವ ಹಾಗಿಲ್ಲ.